ಗದ್ದಲದಲ್ಲಿ ಕೇಳುವ ಕಿವಿ

ನನ್ನ ಕಿವಿಗಿಂತ ಮೊದಲು ಕೆಟ್ಟದ್ದು ಮನೆಯಲ್ಲಿ ಅದಕ್ಕಿದ್ದ ಹೆಸರು. ಎಪ್ಪತ್ತರ ದಶಕದ ಮಾತು. ಮುಂಬಯಿಯ ವಡಾಲದಲ್ಲಿ, ನಮ್ಮ ಒಂದೇ ಕೋಣೆಯ ಖೋಲಿಯಲ್ಲಿ ಹೆಂಡತಿ ಶಾಂತಾ ಸ್ಟವ್ ಮುಂದೆ ಕುಳಿತು ಹೇಳಿದ್ದು ನನಗೆ ಕೇಳಿಸುತ್ತಿರಲಿಲ್ಲ. ಹಾರ್ಬರ್ ಲೋಕಲ್ ರೈಲು ಹತ್ತಿದರೆ ಮಾತ್ರ, ಆ ಖಡಖಡದ ನಡುವೆಯೂ ವಿಜಾಪುರದ ಗೆಳೆಯರ ಹರಟೆಯಲ್ಲಿ ಒಂದಕ್ಷರವೂ ತಪ್ಪುತ್ತಿರಲಿಲ್ಲ. ಒಂದು ಭಾನುವಾರ ನಮ್ಮ ಜೊತೆ ಗಾಡಿ ಹತ್ತಿದಾಗ ಅವಳು ಅದನ್ನು ಕಣ್ಣಾರೆ ಕಂಡಳು.

“ಗೆಳ್ಯಾರ ಮಾತು ಗಾಡ್ಯಾಗೂ ಕೇಳಸ್ತದ, ನಂದು ಮನ್ಯಾಗೂ ಕೇಳಸಂಗಿಲ್ಲ. ನಾಟಕ ಬಿಡ್ರಿ,” ಎಂದಳು. ಆಮೇಲೆ ಮಾತೇ ಬಿಟ್ಟಳು. ಜಗಳವನ್ನಾದರೂ ಸಹಿಸಬಹುದು, ನೋಡಿ. ಈ ಮೌನ ನನಗೆ ನಿಜಕ್ಕೂ ನೋವು ಕೊಟ್ಟಿತು.

ಕೊನೆಗೆ ಅವಳನ್ನೇ ಸಾಕ್ಷಿಯಾಗಿ ಕರೆದುಕೊಂಡು ಕಿವಿಯ ಡಾಕ್ಟರರ ಬಳಿ ಹೋದೆ. ಮರಾಠಿ ಡಾಕ್ಟರಮ್ಮ ತಟ್ಟಿದರೆ ಗುಂಯ್‌ಗುಡುವ ಉಕ್ಕಿನ ಕವೆಯೊಂದನ್ನು ಮೊಣಕೈಗೆ ಬಡಿದು, ಕಿವಿಯ ಮುಂದೊಮ್ಮೆ, ಹಿಂದಿನ ಎಲುಬಿನ ಮೇಲೊಮ್ಮೆ ಹಿಡಿದು, ಎಲ್ಲಿ ಜಾಸ್ತಿ ಕೇಳಿಸುತ್ತದೆ ಎಂದರು. ಹಿಂದೆ ಎಂದೆ. ಹಾಗಿದ್ದರೆ ಸದ್ದು ಒಳಗೆ ದಾಟುವ ದಾರಿಯಲ್ಲೇ ಎಲ್ಲೋ ತಡೆಯಿದೆ ಎಂದರು.

“ಇವರು ಹೇಳಿದ್ದ ಖರೆ ಅಂದ್ರ ಅದೆಂಥಾ ಪರೀಕ್ಷಾ?” ಎಂದು ಶಾಂತಾ ಜೋರಾಗಿಯೇ ಕೇಳಿದಳು. ಕನ್ನಡ ಬಾರದಿದ್ದರೂ ಡಾಕ್ಟರಮ್ಮನಿಗೆ ಅವಳ ಮುಖ ಅರ್ಥವಾಯಿತು. ಹೊಸದಾಗಿ ಬಂದಿದ್ದ ಯಂತ್ರವನ್ನು ಹತ್ತಿರಕ್ಕೆಳೆದರು. ರಬ್ಬರಿನ ಬಿರಡೆ ಕಿವಿಗಿಟ್ಟು, ಗಾಳಿಯನ್ನು ಒತ್ತಿ, ಎಳೆದು, ಒಳಗಿನ ತಮಟೆ ಎಷ್ಟು ಮಿಸುಕುತ್ತದೆಂದು ಅದು ಮುಳ್ಳಿನಲ್ಲಿ ತೋರಿಸುತ್ತದೆ. ನಾನು ಮಾತಾಡಬಾರದು, ಉಗುಳೂ ನುಂಗಬಾರದು. ಕವೆ ನನ್ನನ್ನು ಕೇಳಿತ್ತು. ಇದು ನನ್ನನ್ನು ಬಿಟ್ಟು ಕಿವಿಯನ್ನೇ ಕೇಳಿತು. ಗಂಡಂದಿರಿಗೆ ಇದೇ ಸರಿ ಎಂಬಂತೆ ಶಾಂತಾ ಸೆರಗು ಸರಿಪಡಿಸಿ ಕುಳಿತಳು.

ಮುಳ್ಳು ಒಂದಿಷ್ಟೇ ಎದ್ದು ಮಲಗಿಬಿಟ್ಟಿತು. ಕಿವಿಯೊಳಗೆ ಸುತ್ತಿಗೆ, ಅಡಿಗಲ್ಲು, ಕುದುರೆ ಸವಾರ ಕಾಲಿಡುವ ರಿಕಾಪು ಎಂದು ಮೂರು ಪುಟ್ಟ ಎಲುಬುಗಳಿವೆಯಂತೆ. ಇಡೀ ಕಮ್ಮಾರಸಾಲೆಯನ್ನು ಅಷ್ಟು ಚಿಕ್ಕ ಖೋಲಿಯಲ್ಲಿ ಕೂಡಿಸಿದ ದೇವರು ಮುಂಬಯಿಯವನೇ ಇರಬೇಕು. ನನ್ನ ರಿಕಾಪು ಬಿಗಿದುಕೊಂಡಿತ್ತು. ಕವೆಯೂ ಯಂತ್ರವೂ ಹೇಳಿದ್ದು ಹೆಚ್ಚುಕಡಿಮೆ ಒಂದೇ. ಕವೆಯ ಸಾಕ್ಷ್ಯದಲ್ಲಿ ನಾನು ಬಾಯಿ ಹಾಕಿದ್ದೆ, ಅದಕ್ಕೇ ಮನೆಯವರ ಕಣ್ಣಲ್ಲಿ ಅದರ ಬೆಲೆ ಕಡಿಮೆ.

“ಹಂಗಾರ ಗಾಡ್ಯಾಗ ಹೆಂಗ ಕೇಳಸ್ತದ?” ಶಾಂತಾ ಬಿಡಲಿಲ್ಲ. ಅದನ್ನೇ ಅವಳು ಮರಾಠಿಯಲ್ಲಿ ಕೇಳಿದಾಗ ಡಾಕ್ಟರಮ್ಮ ನಕ್ಕರು. ಇಂಥ ಕಿವಿಗೆ ಗಾಡಿಯ ಸದ್ದು ಅಷ್ಟಾಗಿ ಮುಟ್ಟುವುದಿಲ್ಲ, ಮಾತಾಡುವವರು ಮಾತ್ರ ದನಿ ಏರಿಸಿರುತ್ತಾರೆ. ಗದ್ದಲದಲ್ಲೇ ಚೆನ್ನಾಗಿ ಕೇಳಿಸುವುದು ಈ ಕಾಯಿಲೆಯ ಗುರುತು ಎಂದರು. ಶಾಂತಾ ಒಮ್ಮೆಲೇ ಸಪ್ಪಗಾದಳು.

ವಾಪಸು ಬರುವಾಗ ಅವಳು ಹೆಂಗಸರ ಡಬ್ಬಿ ಬಿಟ್ಟು ನನ್ನ ಪಕ್ಕದಲ್ಲೇ ಕುಳಿತಳು. ಗಾಡಿ ವೇಗ ಹಿಡಿದು ಖಡಖಡ ಜೋರಾಗುವುದನ್ನೇ ಕಾದು, ದನಿ ಏರಿಸಿ, “ಸುಮ್ಮಸುಮ್ಮನ ಸಿಟ್ಟಿಗೆದ್ದೆ ನೋಡ್ರಿ, ನಂದ ತಪ್ಪಾತು,” ಎಂದಳು. ಮದುವೆಯಾದಾಗಿನಿಂದ ಅವಳ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು. ನನ್ನ ಜೀವ ಹೂವಿನಷ್ಟು ಹಗುರಾಯಿತು. ಇನ್ನೊಮ್ಮೆ ಕೇಳುವ ಆಸೆ ಯಾರಿಗಿರುವುದಿಲ್ಲ?

“ಏನಂದಿ?” ಎಂದೆ.

ಅವಳು ಸುತ್ತಲಿನ ಗದ್ದಲವನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿದಳು.

“ಇದು ಮಾತ್ರ ಖರೇನ ನಾಟಕ,” ಎಂದಳು.