ದೊಡ್ಡಪ್ಪನ ಜೋಡಿ ಹಾರ್ನು

ಈ ಹಾರ್ನು ಆಗ ನಿಜವಾಗಿ ಕೆಟ್ಟಿತ್ತೋ ಇಲ್ಲವೋ, ನಾನು ಆಣೆ ಮಾಡಿ ಹೇಳಲಾರೆ. ಕಾಗದ ಹಾರದಿರಲೆಂದು ಮೇಜಿನ ಮೇಲಿಟ್ಟುಕೊಂಡಿರುವ ಈ ಅಂಗೈಯಗಲದ, ಕಪ್ಪು ಬಣ್ಣ ಸುಲಿದ ಕಬ್ಬಿಣದ ಬಿಲ್ಲೆ ಎಪ್ಪತ್ತರ ದಶಕದ ಕೊನೆಯವರೆಗೂ ನಮ್ಮ ದೊಡ್ಡಪ್ಪನ ಕಾರಿನ ಮೂತಿಯ ಹಿಂದೆ ಕೂತು ಕೂಗುತ್ತಿತ್ತು. ದೊಡ್ಡಮ್ಮನ ಕಾಲು ಸುಟ್ಟದ್ದು ಮೊದಲೋ, ಹಾರ್ನಿಗೆ ಉತ್ತರ ಬಾರದಾದದ್ದು ಮೊದಲೋ ಎಂಬುದೊಂದು ತಿಳಿದರೆ ಉಳಿದದ್ದೆಲ್ಲ ತಿಳಿದಂತೆ. ಆದರೆ ನನ್ನ ನೆನಪು ಒಂದೊಂದು ಸಲ ಒಂದೊಂದು ಕ್ರಮದಲ್ಲಿ ಸಾಕ್ಷಿ ಹೇಳುತ್ತದೆ. ಅಂಥ ಸಾಕ್ಷಿಯನ್ನು ನಂಬಬಾರದೆಂದು ವಿಶ್ವವಿದ್ಯಾಲಯದಲ್ಲಿ ನನಗೆ ಚೆನ್ನಾಗಿ ಕಲಿಸಿದ್ದಾರೆ.

ದೊಡ್ಡಪ್ಪ ದಾವಣಗೆರೆಯಲ್ಲಿ ಹತ್ತಿ ದಲಾಲಿ ಮಾಡುತ್ತಿದ್ದರು. ಮಿಲ್ಲಿನ ಮಾಲೀಕರೊಬ್ಬರು ಬೇಸತ್ತು ಮಾರಿದ, ಸ್ವಾತಂತ್ರ್ಯಕ್ಕಿಂತ ಹಿರಿಯದಾದ ವಿಲಾಯಿತಿ ಕಾರೊಂದು ಅವರ ಬಳಿಯಿತ್ತು. ಈಗಿನವರು ಕ್ಲಾಸಿಕ್ ಎಂದು ಕೈಮುಗಿಯುವ ಆ ವಸ್ತುವನ್ನು ನಾವು ಡಬ್ಬ ಎನ್ನುತ್ತಿದ್ದೆವು, ಅವರ ಬೆನ್ನ ಹಿಂದೆ. ಕೆ.ಬಿ. ಬಡಾವಣೆಯ ಮನೆಗೆ ಮಧ್ಯಾಹ್ನದ ಊಟಕ್ಕೆ ಬಂದಾಗ ಅವರು ಗೇಟಿನ ಮುಂದೆ ಕಾರು ನಿಲ್ಲಿಸಿ, ಇಂಜಿನ್ ಆರಿಸದೆ ಹಾರ್ನು ಒತ್ತುವರು. ದೊಡ್ಡಮ್ಮ ಮನೆಯ ಯಾವ ಮೂಲೆಯಲ್ಲಿದ್ದರೂ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಓಡಿಬಂದು ಗೇಟಿನ ಎರಡೂ ಬಾಗಿಲು ತೆಗೆಯಬೇಕು. ಆ ಬೀದಿಯ ಗಂಡಸರಿಗೆಲ್ಲ ಇದೇ ಪದ್ಧತಿ. ಕಾರಿಲ್ಲದವರು ಸ್ಕೂಟರಿನ ಹಾರ್ನು ಒತ್ತುವರು, ಅದೂ ಇಲ್ಲದವರು ಸೈಕಲ್ ಬೆಲ್ಲು ಬಾರಿಸುವರು. ಕೈಗಳಿದ್ದೂ ಗೇಟು ತೆಗೆಯಲಾರದ ಇಷ್ಟು ಜನ ಗಟ್ಟಿಮುಟ್ಟಾದ ಗಂಡಸರನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಾನು ಎಂ.ಎ. ಓದುತ್ತಿದ್ದಾಗಿನ ಒಂದು ಬೇಸಿಗೆ ರಜೆ. ದೊಡ್ಡಮ್ಮ ಮೆಣಸಿನಕಾಯಿ ಬಜ್ಜಿ ಕರಿಯುತ್ತಿದ್ದಾಗ ಹಾರ್ನು ಕೂಗಿತು. ಬಾಣಲೆ ಇಳಿಸುವ ಅವಸರದಲ್ಲಿ ಕಾದ ಎಣ್ಣೆ ಅವರ ಪಾದದ ಮೇಲೆ ಚೆಲ್ಲಿತು. ಹಾರ್ನು ಮತ್ತೆ ಕೂಗಿತು. ಕುಂಟುತ್ತ ಹೋಗಿ ಗೇಟು ತೆಗೆದ ದೊಡ್ಡಮ್ಮನಿಗೆ ಕಾರಿನೊಳಗಿನಿಂದ ಸಿಕ್ಕ ಉಪಚಾರವೆಂದರೆ, "ಇಷ್ಟೊತ್ತೇನೇ? ಇಂಜಿನ್ ಕಾದು ಹೋತು."

ಆಮೇಲೆ (ಅಥವಾ ಅದಕ್ಕೂ ಮೊದಲೇ, ಇಲ್ಲಿಯೇ ನನ್ನ ಸಂಶಯ) ಹಾರ್ನು ಒತ್ತಿದರೂ ಯಾರೂ ಬಾರದ ದಿನಗಳು ಶುರುವಾದವು. ದೊಡ್ಡಪ್ಪ ಒತ್ತಿ ಒತ್ತಿ ಬೇಸತ್ತ ಮೇಲೆ ಪಕ್ಕದ ಮನೆಯವರು ಬಂದು ಗೇಟು ತೆಗೆಯುತ್ತಿದ್ದರು. "ಕೇಳ್ಸಲಿಲ್ರಿ" ಎನ್ನುವರು ದೊಡ್ಡಮ್ಮ, ಪಾದಕ್ಕೆ ಮುಲಾಮು ಹಚ್ಚಿಕೊಳ್ಳುತ್ತ. ಕರೆದದ್ದಕ್ಕೆ ಉತ್ತರ ಬರಲಿಲ್ಲವೆಂದರೆ ಕೆಟ್ಟಿರುವುದು ಕರೆಯುವ ಯಂತ್ರವೇ ಎಂದು ದೊಡ್ಡಪ್ಪ ತೀರ್ಮಾನಿಸಿದರು. ಕರೆಯುವವನು ಕೆಟ್ಟಿರಬಹುದೆಂಬ ಶಂಕೆ ಆ ತಲೆಯೊಳಕ್ಕೆ ಹೋಗಲು ಅಲ್ಲಿಯೂ ಯಾರೂ ಗೇಟು ತೆಗೆಯಲಿಲ್ಲ.

ಹರಿಹರದಲ್ಲಿ ಚಂದ್ರಪ್ಪನೆಂಬ ಮಿಸ್ತ್ರಿಯಿದ್ದ. ಅವನ ಕೈಗಿಂತ ಬಾಯಿ ಚುರುಕು. ದೊಡ್ಡಪ್ಪ ನನ್ನನ್ನೂ ಕೂರಿಸಿಕೊಂಡು ಅಲ್ಲಿಗೆ ಹೋದರು. ಚಂದ್ರಪ್ಪ ಹಾರ್ನು ಒತ್ತಿದ. ಶೆಡ್ಡಿನ ತಗಡು ನಡುಗಿತು. ಅವನು ವೈದ್ಯನಂತೆ ತಲೆಯಾಡಿಸಿದ.

"ಸೌಂಡ್ ಐತ್ರಿ ಸಾಹುಕಾರ್ರೆ, ದಮ್ ಇಲ್ಲ. ಹೊರಗ ಕೂಗ್ತೈತಿ, ಮನಿ ಒಳಗ ಹೋಗಂಗಿಲ್ಲ."

"ನಾನೂ ಅದನ್ನೇ ಹೇಳಿದ್ದು!" ಎಂದರು ದೊಡ್ಡಪ್ಪ, ಹಿಗ್ಗಿನಿಂದ.

ಅವನು ಅದನ್ನು ಬಿಚ್ಚಿಕೊಂಡು ಒಳಗೆ ಹೋಗಿ, ಹೊರಗೆ ಬಂದು, ರಿಪೇರಿಯಾಯಿತೆಂದ. ಮನೆಗೆ ಬಂದು ಒತ್ತಿದೆವು. ಗೇಟು ತೆರೆಯಲಿಲ್ಲ. ಮರುವಾರ ಮತ್ತೆ ಹರಿಹರ.

"ಜೋಡಿ ಹಾಕ್ಸಿಬಿಡ್ರಿ" ಎಂದ ಚಂದ್ರಪ್ಪ. "ಒಂದು ದಪ್ಪ ದನಿ, ಒಂದು ಸಣ್ಣ ದನಿ. ನಡುವ ಬ್ಯಾಟರಿಯಿಂದ ನೇರ ಕರೆಂಟ್ ಎಳಿಯೋ ರಿಲೇ ಕೊಡ್ತೀನಿ. ನೀವು ಇಲ್ಲಿ ಒತ್ತಿದ್ರ ಮಾಯಕೊಂಡದಾಗಿನ ಲಾರಿ ದಾರಿ ಬಿಡ್ಬೇಕು."

"ಲಾರಿ ಹಾಳಾಗ್ಲಿ ಮಾರಾಯ, ನಮ್ಮನೆ ಗೇಟು ತೆಗೆದ್ರೆ ಸಾಕು."

ಜೋಡಿ ಹಾರ್ನು ಬಂತು. ಹಳೆಯದನ್ನು ಚಂದ್ರಪ್ಪ ಡಿಕ್ಕಿಗೆ ಎಸೆದ. ಹೊಸದು ಆ ಮುದಿ ಬ್ಯಾಟರಿಯ ಜೀವ ಹೇಗೆ ಹೀರುತ್ತಿತ್ತೆಂದರೆ, ಒತ್ತಿದಾಗಲೆಲ್ಲ ಮುಂದಿನ ದೀಪಗಳು ಮಂಕಾಗುತ್ತಿದ್ದವು. ಈ ದೃಶ್ಯವನ್ನು ನಾನು ಆಮೇಲೆ ಎಷ್ಟೋ ಸಭೆಗಳ ವೇದಿಕೆಯ ಮೇಲೂ ಕಂಡಿದ್ದೇನೆ: ದನಿ ಏರಿದಷ್ಟೂ ಬೆಳಕು ಕಡಿಮೆ. ಮಾತಿಗೆ ಉತ್ತರ ಸಿಗದಿದ್ದರೆ ನಾವು ಮಾತನ್ನು ತಿದ್ದಿಕೊಳ್ಳುವುದಿಲ್ಲ. ಇನ್ನೊಂದು ಧ್ವನಿವರ್ಧಕ ತರಿಸುತ್ತೇವೆ.

ಅಂದು ಮನೆಯ ಮುಂದೆ ಜೋಡಿ ಹಾರ್ನು ಮೊಳಗಿದಾಗ ಇಡೀ ಬೀದಿ ಹೊರಗೆ ಬಂತು. ಕಟ್ಟಿದ್ದ ಎಮ್ಮೆಯೊಂದು ಹಗ್ಗ ಕಿತ್ತುಕೊಂಡು ಶಾಮನೂರಿನ ಕಡೆ ಓಡಿತು. ದೊಡ್ಡಮ್ಮ ಜಗಲಿಯ ಮೇಲೆ ಎಲ್ಲರಿಗೂ ಕಾಣುವಂತೆ ಕೂತು ಅಕ್ಕಿ ಆರಿಸುತ್ತಿದ್ದರು. ಮೊರದಿಂದ ಕಣ್ಣೆತ್ತಲಿಲ್ಲ. ದೊಡ್ಡಪ್ಪ ಕಾರಿನ ಕಿಟಕಿಯಿಂದ ತಲೆ ಹೊರಹಾಕಿ ಕಿರುಚಿದರು: "ಏ ಇವಳೇ! ಕಿವಿ ಹೋಗೈತೇನೇ?"

"ಯಾವ್ದೋ ಲಾರಿ ಬಂತು ಅನ್ಕಂಡೆ ಕಣ್ರಿ" ಎಂದರು ದೊಡ್ಡಮ್ಮ. "ಬಾಗ್ಲು ತೆಕ್ಕಂಡು ಬರ್ರಿ, ಊಟಕ್ಕಿಡ್ತೀನಿ."

ಬೀದಿ ನಕ್ಕಿತು. ದೊಡ್ಡಪ್ಪ ಇಳಿದರು, ಗೇಟು ತೆಗೆದರೆಂದು ಭಾವಿಸಿದರೆ ನಿಮಗೆ ನಮ್ಮ ವಂಶದ ಪರಿಚಯವಿಲ್ಲ. ಕಾರನ್ನು ರಸ್ತೆಯಲ್ಲೇ ಬಿಟ್ಟು, ಪಕ್ಕದ ಸಣ್ಣ ಬಾಗಿಲಿನಿಂದ ನುಸುಳಿ ಒಳಗೆ ಹೋದರು. ಅಂದಿನಿಂದ ಆ ಕಾರು ಬಿಸಿಲಲ್ಲಿ, ಮಳೆಯಲ್ಲಿ ಹೊರಗೇ ನಿಂತು ತುಕ್ಕು ಹಿಡಿದು, ಕೊನೆಗೆ ಗುಜರಿಗೆ ಹೋಯಿತು; ಡಿಕ್ಕಿಯಲ್ಲಿ ಬಿದ್ದಿದ್ದ ಹಳೆಯ ಹಾರ್ನನ್ನು ನಾನು ಎತ್ತಿಟ್ಟುಕೊಂಡೆ. ಕೈ ಚಾಚಿ ಗೇಟು ತೆಗೆಯುವ ಅವಮಾನಕ್ಕಿಂತ ಒಂದು ಕಾರಿನ ನಾಶ ಅವರಿಗೆ ಅಗ್ಗವೆನಿಸಿತು. ದೊಡ್ಡಮ್ಮ ಮಾತ್ರ ಮತ್ತೆಂದೂ ಓಡಲಿಲ್ಲ.

ನಾನು ಕಟ್ಟಿಕೊಂಡ ಈ ಕಥೆಯನ್ನು ನಾನೇ ನಂಬದೆ ಬಹಳ ವರ್ಷ ಕಳೆದೆ. ಹಾರ್ನು ನಿಜಕ್ಕೂ ಸೋತಿದ್ದಿರಬಹುದು, ದೊಡ್ಡಮ್ಮನಿಗೆ ನಿಜಕ್ಕೂ ಕೇಳಿಸದೆ ಇದ್ದಿರಬಹುದು. ಸುಟ್ಟ ಪಾದಕ್ಕೆ ನ್ಯಾಯ ಸಿಗಲೆಂದು ನಾನೇ ಅವರಿಗೆ ಹಟವನ್ನು ಆರೋಪಿಸಿರಬಹುದು. ಕೇಳೋಣವೆಂದರೆ ಇಬ್ಬರೂ ಈಗಿಲ್ಲ.

ಮೊನ್ನೆ ಈ ಬಿಲ್ಲೆಯನ್ನು ಬ್ಯಾಟರಿ ಅಂಗಡಿಗೆ ಒಯ್ದೆ. ದನಿ ಹೊಂದಿಸುವ ಬೆನ್ನಿನ ಸ್ಕ್ರೂ ಮೇಲೆ ತಯಾರಕರು ಹಚ್ಚಿದ್ದ ಕೆಂಪು ಅರಗು ಹಾಗೇ ಇತ್ತು. ಎಂದರೆ ಚಂದ್ರಪ್ಪನಾಗಲಿ ಇನ್ನಾರಾಗಲಿ ಇದರ ಒಳಗನ್ನು ಮುಟ್ಟಿಯೇ ಇರಲಿಲ್ಲ. ಅಂಗಡಿಯವನು ತುಕ್ಕು ಕೆರೆದು ಎರಡು ವೈರು ತಾಗಿಸಿದ. ಹಾರ್ನು ಕೂಗಿತು. ಎದುರಿನ ಕಟ್ಟಡದ ಮೂರನೆಯ ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಗಸೊಬ್ಬಳು ಕೈಯಲ್ಲಿದ್ದುದನ್ನು ಬಿಟ್ಟು, ಗೇಟಿನ ಕಡೆ ಬಗ್ಗಿ ನೋಡಿದಳು.