ಇಲ್ಲದ ಬಸ್ಸಿಗೆ ಕಾದ ದೊಡ್ಡವ್ವ

ಇಲ್ಲಿ ಬಸ್ಸು ಮಂಡಿಯೂರುತ್ತದೆ. ಅಮೆರಿಕಾದ ಮುಕಿಲ್ಟಿಯೊಗೆ ಬಂದ ಮೊದಲ ವಾರ ನೋಡಿದೆ: ಊರುಗೋಲು ಹಿಡಿದ ಮುದುಕಿಯೊಬ್ಬಳ ಎದುರು ಬಸ್ಸು ಉಸ್ಸೆಂದು ಗಾಳಿ ಬಿಟ್ಟು, ಒಂದು ಬದಿಗೆ ಬಾಗಿ, ಅವಳ ಪಾದದ ಮಟ್ಟಕ್ಕೆ ಇಳಿಯಿತು. ಅವಳು ಹತ್ತಿದ ಮೇಲೂ ಒಳಗಿದ್ದವರು ಮೂವರೇ.

ಬಾಗಲಕೋಟೆ ಕಡೆಯ ನಮ್ಮೂರಿಗೆ ಬಸ್ಸೇ ಇಲ್ಲ. ಕ್ರಾಸಿಗೆ ಮೂರು ಮೈಲಿ ನಡೆಯಬೇಕು. ನಾನು ಕಾಲೇಜಿಗೆ ಹೋದ ಮೂರು ವರ್ಷವೂ ನನ್ನ ತಾಯಿಯ ಅಕ್ಕ, ದೊಡ್ಡವ್ವ, ದಿನಾ ಬೆಳಿಗ್ಗೆ ಕ್ರಾಸಿನವರೆಗೆ ನನ್ನೊಡನೆ ನಡೆದು, ಬಸ್ಸು ಹತ್ತಿಸಿ, ಒಬ್ಬಳೇ ಹಿಂದಿರುಗುತ್ತಿದ್ದಳು.

ಇಲ್ಲಿ ನನ್ನ ಗಂಡ ವಿಮಾನ ಕಾರ್ಖಾನೆಯಲ್ಲಿ ಎಂಜಿನಿಯರ್. ಕಾರುಗಳನ್ನೇ ಹೊಟ್ಟೆಯಲ್ಲಿಟ್ಟುಕೊಂಡು ಸಮುದ್ರ ದಾಟಿಸುವ ಹಡಗು, ಅಂದರೆ ಫೆರಿ, ನಮ್ಮ ಕಿಟಕಿಗೆ ಕಾಣುತ್ತದೆ. ಕಾರು ಓಡಿಸಲು ಕಲಿತೆ. ಜೋಳದ ಹಿಟ್ಟಿಗೆ ದೂರದ ಬೆಲ್‌ವ್ಯೂ ಪಟ್ಟಣದವರೆಗೆ ಹೋಗುತ್ತೇನೆ. ಹಳೆಯ ಹಿಟ್ಟು, ರೊಟ್ಟಿ ತಟ್ಟುವಾಗಲೇ ಬಿರಿಯುತ್ತದೆ. ಬೆಂಗಳೂರು, ಮೈಸೂರಿನ ಗೆಳತಿಯರು ಯಾವೂರೆಂದು ಕೇಳಿದರೆ ಹುಬ್ಬಳ್ಳಿ ಎನ್ನುತ್ತಿದ್ದೆ. ಅವರ ಹಾಗೆಯೇ 'ಖರೇನ' ಬಿಟ್ಟು 'ನಿಜಾನಾ' ಎನ್ನುವುದನ್ನೂ ರೂಢಿಸಿಕೊಂಡಿದ್ದೆ.

ಮೂರನೆಯ ತರಗತಿಯ ಮಗಳು ಅನಘಾಗೆ ಶಾಲೆಯಲ್ಲಿ ಒಂದು ಪೋಸ್ಟರ್ ಮಾಡಲು ಹೇಳಿದ್ದರು: ಅಜ್ಜಿಯ ಊರು, ಜನಸಂಖ್ಯೆ, ತಲುಪುವ ಬಗೆ. ಗೆಳತಿಯರ ಮಕ್ಕಳೂ ಅದೇ ತರಗತಿಯಲ್ಲಿದ್ದರು. ಜನಸಂಖ್ಯೆಗೆ ಒಂದು ಸೊನ್ನೆ ಸೇರಿಸಿದೆ. ತಾಸಿಗೊಂದು ಬಸ್ಸಿದೆ ಎಂದು ಬರೆಸಿದೆ.

ಆ ಶನಿವಾರ ಅನಘಾ ವಿಡಿಯೋ ಕಾಲ್‌ನಲ್ಲಿ ದೊಡ್ಡವ್ವನಿಗೆ ಪೋಸ್ಟರ್ ತೋರಿಸಿದಳು. ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಮಾತು ಮಾತ್ರ ಇಂಗ್ಲಿಷಿಗೇ ಜಾರುತ್ತದೆ. "ಅಜ್ಜಿ, ನಿಮ್ಮ ಊರಿಗೆ ಬಸ್, ಎವ್ರಿ ಅವರ್," ಎಂದವಳು ನನ್ನತ್ತ ತಿರುಗಿದಳು. "ಅಮ್ಮಾ, ಅದನ್ನ ಕನ್ನಡದಲ್ಲಿ ಏನಂತಾರೆ?"

ಆಗಲಾದರೂ ತಡೆಯಬಹುದಿತ್ತು. "ತಾಸಿಗೊಂದು," ಎಂದೆ.

ದೊಡ್ಡವ್ವ ಪರದೆಯ ಹತ್ತಿರಕ್ಕೆ ಬಂದಳು. "ತಾಸಿಗೊಂದ ಬಸ್ಸ? ಖರೇನ? ನಮಗ ಯಾರೂ ಹೇಳೇ ಇಲ್ಲಲ್ಲ."

ನಾನು ಮಾತು ಬದಲಿಸಿದೆ.

ಎರಡು ದಿನಗಳಾದ ಮೇಲೆ ದೊಡ್ಡವ್ವನ ಮಗ ಮಲ್ಲಪ್ಪ ಫೋನ್ ಮಾಡಿದ. "ಅಕ್ಕಾ, ಊರಿಗೆ ಬಸ್ ಬಿಟ್ಟಾರಂತ ನೀ ಹೇಳಿದ್ದೇನು? ಮೊಣಕಾಲ ತೋರಿಸಾಕ ದವಾಖಾನಿಗೆ ಹೋಗ್ತೀನಂತ ಅವ್ವ ಬುತ್ತಿ ಕಟಗೊಂಡು ಊರ ಅಗಸಿ ಬಾಗಲದಾಗ ನಿಂತಿದ್ಲು. ನಾಕು ಮಂದಿ ಹೆಂಗಸರನ್ನೂ ಕರಕೊಂಡು ಹೋಗಿದ್ಲು. ಮಧ್ಯಾಹ್ನದ ಮಟ ಬಿಸಲಾಗ ನಿಂತು ಬಂದಾರ. ಬೇಡಂದ್ರ ಕೇಳಲಿಲ್ಲ. ಅಮೆರಿಕಾದಾಗ ಇರೋರಿಗೆ ಮೊದಲ ತಿಳೀತದ ಅಂದ್ಲು."

ಫೋನನ್ನು ಅವಳ ಕೈಗೆ ಕೊಡಿಸಿ ಎಲ್ಲ ಒಪ್ಪಿಕೊಂಡೆ. ದೊಡ್ಡವ್ವ ಬೈಯಲಿಲ್ಲ. ಇಷ್ಟೇ ಕೇಳಿದಳು: "ನಾವು ನಡಕೋತ ಹೋಗ್ತೀವಿ ಅಂದಿದ್ರ ನಿನಗ ಅಲ್ಲಿ ಏನ ಕಡಿಮಿ ಆಗತಿತ್ತು, ತಂಗಿ?"



ಮರುದಿನ ಅನಘಾಗೂ ಹೇಳಿದೆ. ಅವಳು ಪೋಸ್ಟರನ್ನು ಶಾಲೆಯಿಂದ ವಾಪಸು ತಂದು, ಹೆಚ್ಚಿನ ಸೊನ್ನೆಯನ್ನೂ ಬಸ್ಸನ್ನೂ ಅಳಿಸಿ, ದಾರಿಯ ಮೇಲೆ ನಡೆಯುವ ಇಬ್ಬರು ಹೆಂಗಸರನ್ನು ಬರೆದಳು. ಪೋಷಕರನ್ನು ಕರೆದಿದ್ದ ದಿನ ತರಗತಿಯಲ್ಲಿ ಅದನ್ನು ವಿವರಿಸಲು ನನ್ನನ್ನೇ ಕರೆದಳು. ಗೆಳತಿಯರೆದುರು ಕೆಟ್ಟ ಇಂಗ್ಲಿಷಿನಲ್ಲಿ ಹೇಳಿ ಮುಗಿಸಿದೆ. ಹುಬ್ಬಳ್ಳಿಯವಳಲ್ಲ ಎಂದೂ ಹೇಳಿದೆ. ಮೈಸೂರಿನವಳೆಂದೇ ನಾನು ನಂಬಿದ್ದ ಒಬ್ಬಳು ಮೆಲ್ಲಗೆ, "ನಮ್ಮೂರಿಗೂ ಬಸ್ಸಿಲ್ಲ ಕಣ್ರೀ," ಎಂದಳು. ಅದರಿಂದ ನನ್ನ ನಾಚಿಕೆ ಕಡಿಮೆಯಾಗಲಿಲ್ಲ.

ಆ ಬೇಸಿಗೆಯಲ್ಲಿ ಊರಿಗೆ ಹೋದಾಗ ದೊಡ್ಡವ್ವನನ್ನು ಬಾಡಿಗೆ ಜೀಪಿನಲ್ಲಿ ದವಾಖಾನೆಗೆ ಕರೆದೊಯ್ದೆ. ಬಿಸಿಲಲ್ಲಿ ನಿಂತಿದ್ದ ಹೆಂಗಸರು ಅಗಸಿಯಲ್ಲಿ ಕುಳಿತಿದ್ದರು. ಅವರಲ್ಲೊಬ್ಬಳು, "ಬಸ್ಸಿನಕ್ಕ ಬಂದಾಳ ನೋಡ್ರಿ," ಎಂದಳು. ಎಲ್ಲರೂ ನಕ್ಕರು. ಕೊಂಕಿನ ನಗೆಯಲ್ಲ, ಕುಳಿತುಕೊಳ್ಳಲು ನನಗೆ ಜಾಗವನ್ನೂ ಮಾಡಿಕೊಟ್ಟರು. ಈಗ ಊರಿನಲ್ಲಿ ನನಗಿರುವ ಹೆಸರು ಅದೇ. ಮುಕಿಲ್ಟಿಯೊದಲ್ಲಿ ಇಂದಿಗೂ ಕೆಲವರು ನನ್ನನ್ನು ಹುಬ್ಬಳ್ಳಿಯವರು ಎಂದೇ ಪರಿಚಯಿಸುತ್ತಾರೆ. ಎರಡೂ ನಾನೇ ಮಾಡಿಕೊಂಡ ಹೆಸರುಗಳು. ಎಲ್ಲಿ ಕೂಗಿದರೂ ತಲೆ ತಗ್ಗಿಸಿ ಓಗೊಡುತ್ತೇನೆ.