ಅಂಚಿನಲ್ಲಿದ್ದ ಏಳನೆಯ ಬಾತುಕೋಳಿ

ಅಂಗಡಿಯ ಮೆಟ್ಟಿಲು ಹತ್ತಿದವರನ್ನು ಮನಸ್ಸಿನಲ್ಲೇ ತೂಗುವುದು ವ್ಯಾಪಾರಿಯ ಚಾಳಿ. ಆಕೆಯನ್ನೂ ತೂಗಿದೆ. ವಯಸ್ಸು ನಲವತ್ತರ ಆಚೆ. ಚಪ್ಪಲಿ ಎರಡು ಸಲ ಹೊಲಿಸಿದ್ದು. ಬಟ್ಟೆಯ ಚೀಲ ಹಳೆಯದು, ಹಿಡಿಕೆಯ ಹೊಲಿಗೆ ಮಾತ್ರ ಗಟ್ಟಿ. ದನಿ ಸಗಟು, ಖರೀದಿ ಚಿಲ್ಲರೆ. ಮುಟ್ಟಿ ನೋಡುವುದು ಹೆಚ್ಚು, ಕೊಳ್ಳುವುದು ಕಡಿಮೆ ಎಂದು ಬೆಲೆ ಕಟ್ಟಿದೆ. ಮೂವತ್ತು ವರ್ಷದ ವ್ಯಾಪಾರದಲ್ಲಿ ನನ್ನ ಅಂದಾಜು ಇಷ್ಟು ಕೆಟ್ಟದಾಗಿ ತಪ್ಪಿದ್ದು ಬೇರೊಂದಿಲ್ಲ.

ನನ್ನದು ಪುಸ್ತಕದ ಅಂಗಡಿ. ಪುಸ್ತಕಗಳನ್ನು ಓದಿ ತಿಳಿದವನಲ್ಲ ನಾನು, ಕೈಯಲ್ಲಿ ಹಿಡಿದು ಭಾರದಿಂದ ತಿಳಿದವನು. ಆಕೆ ನೇರ ಮಕ್ಕಳ ಚಿತ್ರಪುಸ್ತಕಗಳ ಕಡೆಗೆ ಹೋಗಿ, ನೆಲದ ಮೇಲೆ ಕೂತು, ಒಂದು ಗಂಟೆ ಎಣಿಸಿದರು. ಹೌದು, ಓದಲಿಲ್ಲ, ಎಣಿಸಿದರು. ಕೊನೆಗೆ ಒಂದು ಪುಸ್ತಕವನ್ನು ನನ್ನ ಮುಂದೆ ತಂದು ಹಾಕಿದರು.

"ಯಜಮಾನ್ರೇ, ಈ ಪುಟದಲ್ಲಿ ಬಸ್ಸೊಳಗೆ ಐದು ಜನ. ಮುಂದಿನ ಪುಟದಲ್ಲಿ ಆರು. ಮಧ್ಯೆ ಬಸ್ಸು ನಿಲ್ಲಲೇ ಇಲ್ಲ. ಆರನೆಯವನು ಎಲ್ಲಿಂದ ಉದುರಿದ?"

"ಅಯ್ಯೋ, ಚಿತ್ರ ಬರೆದವನ ತಪ್ಪು ಕಣಮ್ಮ. ಬೇರೆ ಕೊಡ್ತೀನಿ ಇರಿ."

"ಬೇರೆ ಯಾಕೆ? ಇದೇ ಬೇಕು. ಪುಸ್ತಕದ ಜೊತೆ ಜಗಳ ಆಡೋದು ಕಲೀಲಿ ನನ್ನ ಮಕ್ಕಳು."

ಹತ್ತಿರದ ಶಾಲೆಯಲ್ಲಿ ಎರಡನೇ ತರಗತಿಯ ಒಂದು ವಿಭಾಗಕ್ಕೆ ಆಕೆ ಲೆಕ್ಕದ ಟೀಚರ್. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿದ್ದುದರಿಂದ ನನ್ನ ಅಂಗಡಿಯವರು ಆಮೇಲೆ ಮೆಣಸಿನಕಾಯಿ ಎಂದು ಹೆಸರಿಟ್ಟರು. ಮಕ್ಕಳ ಬಾಯಲ್ಲಿ ಚಿತ್ರದ ಮಿಸ್ಸು. ಆಕೆಯ ಅಪ್ಪ ಪ್ರೆಸ್ಸಿನಲ್ಲಿ ಪುಸ್ತಕಗಳ ಅಂಚು ಕತ್ತರಿಸುವ ಮಷಿನ್ನಿನ ಮುಂದೆ ಜೀವನ ಸವೆಸಿದವರು. ಬಣ್ಣ ಕದಡಿ ರದ್ದಿಗೆ ಹೋಗಬೇಕಾದ ಚಿತ್ರದ ಹಾಳೆಗಳನ್ನು ಮನೆಗೆ ತರುತ್ತಿದ್ದರು. ಮೂರು ತಲೆಯ ಕರಡಿ, ಅರ್ಧ ರೈಲು, ಬಾಲ ಮಾತ್ರ ಇರುವ ಮಂಗಗಳ ಗುಂಪು. ಆಕೆ ಎಣಿಸಲು ಕಲಿತದ್ದು ಅವುಗಳ ಮೇಲೆ. "ಬಾಲ ಕಂಡ್ರೆ ಮಂಗ ಇದ್ದಂಗೇ ಅಲ್ವಾ ಅಪ್ಪ?" ಎಂದು ಐದನೇ ವಯಸ್ಸಿನಲ್ಲಿ ಜಗಳ ತೆಗೆದಿದ್ದರಂತೆ.

ಪಾಠವೂ ಹಾಗೆಯೇ. ಚಿತ್ರದಲ್ಲಿ ತಟ್ಟೆಯ ಮುಂದೆ ಬೆಕ್ಕು. ಹಿಂದಿನ ಪುಟದಲ್ಲಿ ಹತ್ತು ಮೀನಿದ್ದವು, ಈಗ ಮೂರಿವೆ. "ಕಳ್ಳನ ಹೊಟ್ಟೇಲಿ ಎಷ್ಟು?" ಗೂಟದಲ್ಲಿ ನಾಲ್ಕು ಕೋಟು, ಒಂದೊಂದಕ್ಕೆ ಐದು ಗುಂಡಿ, ಒಂದರಲ್ಲಿ ಎರಡು ಕಿತ್ತುಹೋಗಿವೆ. ಬಾಯಿಪಾಠ ಮಾಡಿ ಹೇಳಿದರೆ ಆಕೆಗೆ ಮೈ ಉರಿಯುತ್ತಿತ್ತು. "ಕಣ್ಣು ಕೊಟ್ಟಿರೋದು ಯಾಕೆ? ಚಿತ್ರಕ್ಕೆ ಬೆರಳಿಟ್ಟು ತೋರಿಸು!"

ಆ ವಿಭಾಗದ ಮೂವತ್ತೊಂದು ಮಕ್ಕಳಲ್ಲಿ ನನ್ನ ಮೊಮ್ಮಗಳೂ ಒಬ್ಬಳು. ಹಿಂದಿನ ವರ್ಷ ಲೆಕ್ಕದ ದಿನ ಬಂದರೆ ಹೊಟ್ಟೆನೋವು ಎಂದು ಮುದುಡಿ ಮಲಗುತ್ತಿದ್ದವಳು. ಈಗ ಊಟಕ್ಕೆ ಕೂತಲ್ಲೇ ಶುರು: "ತಾತ, ನಿನ್ನ ಬಾಯಲ್ಲಿ ಹಲ್ಲೆಷ್ಟು ಇರಬೇಕಿತ್ತು, ಎಷ್ಟು ಬಿದ್ದಿವೆ?" ನನ್ನ ಮಾನ ಹೋದರೂ ಅವಳ ಹೊಟ್ಟೆನೋವು ಹೋಗಿತ್ತು.

ಇಷ್ಟೆಲ್ಲ ಕಂಡೂ ನಾನು ಮಾಡಿದ್ದೇನು? ಆ ಶಾಲೆಯ ಸಮಿತಿಯಲ್ಲಿ ನಾನೂ ಇದ್ದೇನೆ. ಲೆಕ್ಕದ ಅಭ್ಯಾಸ ಪುಸ್ತಕ ಅಚ್ಚು ಹಾಕಿಸಿ, ಎರಡನೇ ತರಗತಿಯ ನಾಲ್ಕೂ ವಿಭಾಗಕ್ಕೆ ಹಂಚಿಸಿದೆ. ಪರೀಕ್ಷೆಗೂ ಅದರ ಕೊನೆಯ ಹಾಳೆಗಳೇ. ಕಾಗದದಲ್ಲಿ ಉಳಿಸೋಣವೆಂದು ಅಗಲದಲ್ಲಿ ಅರ್ಧ ಬೆರಳು ಕಡಿಮೆ ಇರುವ ಹಾಳೆ ತರಿಸಿದ್ದೆ. ಮಷಿನ್ನು ಅಂಚು ಕತ್ತರಿಸಿದಾಗ ಸಾಲಿನ ತುದಿಯ ಚಿತ್ರಗಳೂ ರದ್ದಿಗೆ ಹೋದವು. ಪರೀಕ್ಷೆಯ ಇಪ್ಪತ್ತು ಪ್ರಶ್ನೆಗಳಲ್ಲಿ ಆರಕ್ಕೆ ಹೀಗಾಯಿತು. ಏಳು ಬಾತುಕೋಳಿ ಸಾಲಾಗಿ ಹೊರಟಿದ್ದವು, ಏಳನೆಯದರ ಕೊಕ್ಕಿನ ತುದಿ ಬಿಟ್ಟು ಉಳಿದದ್ದು ಮಾಯ. ಉತ್ತರಪಟ್ಟಿಯಲ್ಲಿ ಮಾತ್ರ ಏಳೇ ಉಳಿಯಿತು.

ಕಟ್ಟು ಬಿಚ್ಚಿದ ದಿನವೇ ನನಗಿದು ಕಂಡಿತ್ತು. ಬಾತುಕೋಳಿಯನ್ನು ಯಾರು ಎಣಿಸುತ್ತಾರೆ ಅಂದುಕೊಂಡೆ.

ಉಳಿದ ಮೂರು ವಿಭಾಗದಲ್ಲಿ ಯಾರೂ ಎಣಿಸಲಿಲ್ಲ. ಅಲ್ಲಿ ಪರೀಕ್ಷೆಗೆ ಮೊದಲೇ ಉತ್ತರಪಟ್ಟಿಯನ್ನು ಬೋರ್ಡಿನ ಮೇಲೆ ಬರೆದು ಉರು ಹೊಡೆಸಿದ್ದರು. ಎಣಿಸಿದ್ದು ಈ ಮೂವತ್ತೊಂದು ಮಕ್ಕಳು. ಬಾತುಕೋಳಿ ಆರು ಎಂದು ಬರೆದರು. ಪಾಸಾಗಲು ಹದಿನೈದು ಬೇಕಿತ್ತು. ಇಪ್ಪತ್ತೆಂಟು ಮಕ್ಕಳಿಗೆ ಬಂದದ್ದು ಹದಿನಾಲ್ಕು, ಉಳಿದ ಮೂವರಿಗೆ ಅದಕ್ಕೂ ಕಡಿಮೆ.

ಎಲ್ಲ ಮೂಟೆಯೂ ಒಂದೇ ಅಳತೆಗೆ ಕಡಿಮೆ ಬಿದ್ದರೆ ಮೂಟೆಯನ್ನು ಬೈಯಬಾರದು, ತಕ್ಕಡಿ ನೋಡಬೇಕು. ಇದು ತರಕಾರಿಯವಳಿಗೂ ಗೊತ್ತು. ಹೆಡ್‌ಮಾಸ್ತರರಿಗೆ ಗೊತ್ತಾಗಲಿಲ್ಲ. ಚಿತ್ರ ನೋಡಿ ಕಾಲ ಕಳೆದದ್ದರ ಫಲ ಇದು ಎಂದು ಚಿತ್ರಪುಸ್ತಕಗಳ ಬೀರುವಿಗೆ ಬೀಗ ಜಡಿದರು. ಮೂವತ್ತೊಂದು ಮಕ್ಕಳೂ ಮತ್ತೆ ಎರಡನೇ ತರಗತಿಯಲ್ಲೇ ಕೂರಬೇಕು ಎಂದರು.

ಸಂಜೆ ಮೊಮ್ಮಗಳು ಪರೀಕ್ಷೆಯ ಹಾಳೆಯನ್ನು ನನ್ನ ತೊಡೆಯ ಮೇಲೆ ಹರವಿದಳು. ಅತ್ತು ಅತ್ತು ಮೂಗು ಕೆಂಪಾಗಿತ್ತು.

"ತಾತ, ನೀನೇ ಎಣಿಸು. ಆರೇ ಅಲ್ವಾ?"

"ಹೂಂ, ಪುಟ್ಟಿ."

"ಮತ್ತೆ ಈ ಹಳದಿ ಚುಕ್ಕೆ ಏನು?"

"ಮಸಿ ಬಿದ್ದಿರಬೇಕು."

ಈ ಬಾಯಿಗೆ ಹುಳ ಬೀಳಬೇಕಿತ್ತು. ಬೀಳಲಿಲ್ಲ. ಊಟ ಮಾಡಿ ಮಲಗಿದೆ.

ಮರುದಿನ ಬೆಳಗಿನ ಗಿರಾಕಿಗಳು ಅಂಗಡಿಯಲ್ಲಿ ಸೇರುವುದಕ್ಕೂ ಟೀಚರಮ್ಮ ಬರುವುದಕ್ಕೂ ಸರಿಹೋಯಿತು. ಕೈಯಲ್ಲಿ ಪರೀಕ್ಷೆಯ ಹಾಳೆ. ಬೆರಳು ಆ ಹಳದಿ ಚುಕ್ಕೆಯ ಮೇಲೆ.

"ಇದು ಕೊಕ್ಕು. ಇದರ ಹಿಂದೆ ಇದ್ದ ಬಾತುಕೋಳಿ ಎಲ್ಲಿ?"

"ಪ್ರೆಸ್ಸಿನ ಕಟಿಂಗಿನವನು ಏನೋ ಎಡವಟ್ಟು ಮಾಡಿದ್ದಾನೆ ಟೀಚರಮ್ಮ..."

"ಸುಮ್ನಿರಿ! ಕತ್ತರಿಸೋನ ಮಗಳು ನಾನು. ಬ್ಲೇಡು ತಾನಾಗಿ ಎಲ್ಲೂ ಇಳಿಯಲ್ಲ, ಹೇಳಿದ ಕಡೆ ಇಳಿಯುತ್ತೆ. ಪ್ರೆಸ್ಸಿಂದಾನೇ ಬರ್ತಿದ್ದೀನಿ. ಚಿಕ್ಕ ಕಾಗದ ತಂದ್ಕೊಟ್ಟೋರು ಯಾರು ಅಂತ ಕೇಳಿದೆ. ಹೇಳ್ಲಾ, ನೀವೇ ಹೇಳ್ತೀರಾ?"

ಗಿರಾಕಿಗಳ ಮುಂದೆ ನನ್ನನ್ನು ಯಾರೂ ಹಾಗೆ ಗದರಿಸಿದ್ದಿಲ್ಲ. ನನಗೂ ಸಿಟ್ಟು ನೆತ್ತಿಗೇರಿತು. "ಆರು ಪ್ರಶ್ನೆಗೆ ಇಷ್ಟು ರಂಪ ಯಾಕಮ್ಮ? ಏಳು ಅಂತ ಬರೀರಿ ಅಂತ ಮಕ್ಕಳಿಗೆ ಮೊದಲೇ ಒಂದು ಮಾತು ಹೇಳಿದ್ರೆ ಮುಗೀತಿತ್ತು!"

ಆಕೆ ಹಾಳೆಯನ್ನು ಮಡಚಿ ಚೀಲದೊಳಗಿಟ್ಟರು. ಆಮೇಲೆ ದನಿ ತಗ್ಗಿಸಿ ಹೇಳಿದರು, ಅದು ಕೂಗಿದ್ದಕ್ಕಿಂತ ಕೆಟ್ಟದ್ದಾಗಿತ್ತು. "ನಿಮ್ಮ ಮೊಮ್ಮಗಳು ಇವತ್ತು ಬೆಳಿಗ್ಗೆ ಶಾಲೆ ಗೇಟಿನ ಹತ್ರ ನನ್ನ ಸೆರಗು ಹಿಡ್ಕೊಂಡು ಏನಂದ್ಲು ಗೊತ್ತಾ? 'ಮಿಸ್, ಇನ್ಮೇಲೆ ನಾನು ಎಣಿಸಲ್ಲ.'"

ಮಧ್ಯಾಹ್ನ ಸಮಿತಿ ಸೇರಿತು. ಟೀಚರಮ್ಮ ಮಡಿಕೆಯಾಗದ, ಅಂಚು ಕತ್ತರಿಸದ ದೊಡ್ಡ ಹಾಳೆಯೊಂದನ್ನು ಮೇಜಿನ ಮೇಲೆ ಹಾಸಿದರು. ಅದನ್ನು ಕೊಟ್ಟವನು ಪ್ರೆಸ್ಸಿನ ಕಟಿಂಗಿನವನೇ. ಅದರಲ್ಲಿ ಏಳನೆಯ ಬಾತುಕೋಳಿ ಬಾಲ ಎತ್ತಿಕೊಂಡು ಆರಾಮಾಗಿ ನಡೆಯುತ್ತಿತ್ತು. ಪಕ್ಕದಲ್ಲಿ ಮಕ್ಕಳ ಹಾಳೆ ಇಟ್ಟರು.

"ಎಣಿಸಿ," ಅಂದರು.

ಹೆಡ್‌ಮಾಸ್ತರರು ಕನ್ನಡಕ ಒರೆಸುತ್ತ, "ಉತ್ತರಪಟ್ಟಿಯಲ್ಲಿ ಏಳು ಅಂತಿದೆಯಲ್ಲಮ್ಮ," ಎಂದರು.

"ಉತ್ತರಪಟ್ಟಿಗೆ ಕಣ್ಣಿಲ್ಲ ಸರ್. ನಿಮಗಿದೆ."

ಎಲ್ಲರೂ ನನ್ನ ಕಡೆ ತಿರುಗಿದರು. ತುಟಿ ಹೊಲಿದುಕೊಂಡು ಕೂರಬಹುದಿತ್ತು, ಅದು ನನಗೆ ಅಭ್ಯಾಸವಿದ್ದ ಕೆಲಸ. 'ಇನ್ಮೇಲೆ ಎಣಿಸಲ್ಲ' ಎಂಬ ಮೊಮ್ಮಗಳ ಮಾತು ಹಾಗೆ ಕೂರಲು ಬಿಡಲಿಲ್ಲ. "ಕಾಗದ ಚಿಕ್ಕದು ತರಿಸಿದ್ದು ನಾನು. ಚಿತ್ರ ಕತ್ತರಿಸಿ ಹೋದದ್ದು ನನಗೆ ಮೊದಲೇ ಗೊತ್ತಿತ್ತು," ಎಂದೆ.

ಬೀರುವಿನ ಬೀಗ ಅಂದೇ ತೆಗೆದರು. ಮಕ್ಕಳೆಲ್ಲ ಪಾಸಾದರು. ಕತೆ ಅಲ್ಲಿಗೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಹೆಡ್‌ಮಾಸ್ತರರು ಶಾಲೆಯ ಮರ್ಯಾದೆ ಉಳಿಸಲು ಒಂದು ಉಪಾಯ ಮಾಡಿದರು. ಉತ್ತರಪಟ್ಟಿಯನ್ನು ತಿದ್ದಲಿಲ್ಲ. ಒಬ್ಬೊಬ್ಬರ ಅಂಕಪಟ್ಟಿಯಲ್ಲೂ ಕೆಂಪು ಮಸಿಯಲ್ಲಿ ಬರೆದರು: ಕೃಪಾಂಕ ಆರು. ಸರಿಯಾಗಿ ಎಣಿಸಿದವರಿಗೆ ದಯೆ ತೋರಿ ಕೊಟ್ಟ ಅಂಕ! ಎಣಿಸದೆ ಏಳು ಬರೆದವರ ಅಂಕ ಅವರವರ ಸ್ವಂತ ಸಂಪಾದನೆಯಾಗಿಯೇ ಉಳಿಯಿತು.

ಟೀಚರಮ್ಮ ಅಂಕಪಟ್ಟಿ ಹಿಡಿದು ಮತ್ತೆ ಅಂಗಡಿಗೆ ಬಂದರು. ಮುಖ ಕಾದ ಕಬ್ಬಿಣ.

"ಕೃಪೆನಾ? ಯಾರ ಕೃಪೆ ಇದು? ನಿಮ್ಮ ಮೊಮ್ಮಗಳು ಕೇಳ್ತಾಳೆ, 'ಮಿಸ್, ಹಾಗಾದ್ರೆ ನಮ್ದು ತಪ್ಪೇನಾ?' ನಾನು ಎಷ್ಟು ಸಲ ಸರಿ ಅಂದ್ರೂ ನಂಬ್ತಿಲ್ಲ. ಅವಳಿಗೆ ನಾನು ಬರೀ ಮಿಸ್ಸು. ಪುಸ್ತಕ ಮಾಡಿಸಿದೋರು ಅವಳ ತಾತ. ನೀವು ಬಂದು ಹೇಳಿ."

"ದೊಡ್ಡವರ ಮುಂದೆ ಹೇಳಿ ಆಯ್ತಲ್ಲಮ್ಮ."

"ದೊಡ್ಡೋರೇನು ಎಣಿಸಿದ್ರಾ?"

ಅಂದು ಆಕೆ ಏನೂ ಕೊಳ್ಳದೆ ಹೋದರು. ಆಮೇಲೆ ಎರಡು ಸಲ ಶಾಲೆಯ ಗೇಟಿನವರೆಗೆ ಹೋಗಿದ್ದೇನೆ. ಒಂದು ಸಲ ಗೇಟು ಮುಚ್ಚಿತ್ತು. ಇನ್ನೊಂದು ಸಲ ತೆರೆದೇ ಇತ್ತು, ಅಂಗಡಿಯಲ್ಲಿ ಕೆಲಸವಿದೆ ಎಂದು ನೆನಪು ಮಾಡಿಕೊಂಡು ವಾಪಸಾದೆ. ಸಮಿತಿಯವರ ಮುಂದೆ ಬಾಯಿಬಿಟ್ಟವನಿಗೆ ಏಳು ವರ್ಷದ ಮಕ್ಕಳೆಂದರೆ ಭಯ. ಮನೆಯಲ್ಲಿ ಮೊಮ್ಮಗಳು ಈಗ ನನ್ನ ಹಲ್ಲು ಎಣಿಸುವುದಿಲ್ಲ.

ಟೀಚರಮ್ಮನಿಗೆ ನನ್ನಿಂದ ಬರಬೇಕಾದದ್ದು ಇಷ್ಟು: ಮೂವತ್ತೊಂದು ಮಕ್ಕಳ ಮುಂದೆ ನಾನು ನಿಂತು, ನೀವು ಎಣಿಸಿದ್ದು ಸರಿ, ನನ್ನ ಪುಸ್ತಕ ತಪ್ಪು, ಅದು ಮಸಿಯಲ್ಲ ಕೊಕ್ಕು ಎಂದು ಹೇಳಬೇಕು. ಇನ್ನೂ ಹೇಳಿಲ್ಲ.